ಭೂಮಿಗೆ ಯಾವ ತಂತಿ

ಮಂಡಿ ಮೊಹಲ್ಲಾದ ಗುಜರಿ ಸಾಲಿನಲ್ಲಿ
ನನ್ನ ಅಂಗಡಿ ಅಂದರೆ ಒಂದು ಬೆಂಚು, ಒಂದು ಬಲ್ಬು,
ಬ್ಯಾಟರಿ ಆ್ಯಸಿಡ್ಡಿಗೆ ತೂತಾದ ನಾಲ್ಕು ಅಂಗಿ.
ಎಂಜಿನ್ನು ದಸ್ತಗೀರನದು. ತಂತಿ ನನ್ನದು.

ಐವತ್ತೊಂದರ ಮಾರಿಸ್ ಮೈನರು
ನಜರ್‌ಬಾದಿನಿಂದ ಹಗ್ಗ ಕಟ್ಟಿಸಿಕೊಂಡು ಬಂತು,
ಬಾನೆಟ್ಟಿನೊಳಗೆ ಮಾರುತಿ ವ್ಯಾನಿನ ಎಂಜಿನ್ನು.
ನಾಲ್ಕು ಸಿಲಿಂಡರು ಮಲಗುತ್ತಿದ್ದ ಹಾಸಿಗೆಯಲ್ಲಿ ಮೂರು,
ಮಗ್ಗುಲಲ್ಲಿ ಇನ್ನೂ ಜಾಗ.
ಯಾರೋ ಪುಣ್ಯಾತ್ಮ ಕಬ್ಬಿಣದ ಪಟ್ಟಿ ಬೆಸೆದು ಕೂರಿಸಿದ್ದಾನೆ,
ಗೇರಿನ ಹಿಡಿಗೆ ದಾರಿ ಬೇಕೆಂದು ನೆಲ ಕೊಯ್ದಿದ್ದಾನೆ
ಹಲಸಿನಹಣ್ಣು ಕೊಯ್ದ ಹಾಗೆ.

ಸುಟ್ಟದ್ದು ಎಂಜಿನ್ನಲ್ಲ, ನನ್ನ ಇಲಾಖೆ.
ಶಾಲೆಯಲ್ಲಿ ಮೇಷ್ಟ್ರು ಪ್ಲಸ್ಸಿಗೆ ಧನ,
ಮೈನಸ್ಸಿಗೆ ಋಣ ಅಂತ ಬರೆಸಿದ್ದರು.
ಆ ಕಾಲದ ಕಾರಿಗೆ ಭೂಮಿಯೇ ಧನ,
ಪ್ಲಸ್ಸಿನ ತಂತಿಯನ್ನು ಮೈಗೆ ಬಿಗಿದು ಕಳಿಸಿದ್ದರು ಬಿಳಿಯರು.
ವ್ಯಾನಿಗೆ ಭೂಮಿ ಋಣ.
ಅರ್ಧ ಕಾರು ಆ ಲೆಕ್ಕ, ಅರ್ಧ ಈ ಲೆಕ್ಕ,
ನಡುವೆ ಕರಗಿ ಕಪ್ಪಾದ ಪ್ಲಾಸ್ಟಿಕ್ಕು.
“ಭೂಮಿಗೆ ಯಾವ ತಂತಿ, ಅಣ್ಣಾ?” ಅಂದ ಹುಡುಗ ಮುಬಾರಕ್.
“ಋಣ” ಅಂದೆ.
“ಈಗ ಎಲ್ಲರದ್ದೂ ಅದೇ.”

ಚಂದ್ರಪ್ರಭಾ ಅರಸ್ ಮೇಡಂ ಸ್ಟೂಲು ಎಳೆದುಕೊಂಡು ಕೂತರು:
“ನನಗೆ ಹಳೆಯದೇ ಬೇಕು. ಅಪ್ಪ ಎಂಬತ್ತೇಳರಲ್ಲಿ
ತೂಕಕ್ಕೆ ಹಾಕಿಬಿಟ್ಟರು. ನಂಬರು ಇದೆ.”
ಪರ್ಸಿನಿಂದ ಬಂತು, ಎಂಟು ಮಡಿಕೆಯ ಕಾಗದ,
ಮಡಿಕೆಯಲ್ಲೆಲ್ಲ ಬೆಳಕು.

ಎರಡು ತಿಂಗಳು ದಸ್ತಗೀರ ಫೋನಿನಲ್ಲೇ ಊರೂರು ಸುತ್ತಿದ.
ಒಬ್ಬ ಕಾರ್ಬೊರೇಟರು ಕಳಿಸಿದ, ಆಸ್ಟಿನ್ನಿನದು.
ಒಬ್ಬ ತಾಯಾಣೆ ಇಟ್ಟು ಡೈನಮೊ ಕಳಿಸಿದ, ಟ್ರ್ಯಾಕ್ಟರಿನದು.
ಜೆ.ಸಿ. ರಸ್ತೆಯವನು ನಕ್ಕ, ನಕ್ಕಿದ್ದಕ್ಕೆ ಟೀ ಕುಡಿಸಿದ.
ಕೊನೆಗೆ ಮಂಡ್ಯದ ಗುಜರಿ ರೇವಣ್ಣ:
“ಕೀಲಾರದ ತಾವ ನಾಲೆ ಪಕ್ಕ ಒಂದು ಬಿದ್ದದೆ ಕಣಣ್ಣ,
ಸೀಮೆಣ್ಣೇಲಿ ಓಡ್ತಿತ್ತು.”

ಬಿದ್ದಿತ್ತು ನಿಜ. ಕುತ್ತಿಗೆಗೆ ಸರಪಳಿ,
ಸರಪಳಿಯ ಆ ತುದಿಯಲ್ಲಿ ಒಂದು ಎಮ್ಮೆ.
“ನಮ್ಮಾವ ತಂದಾಕಿದ್ದು” ಅಂದಳು ನಿಂಗಾಜಮ್ಮ.
“ಐದೊರ್ಸ ನೀರೆತ್ತದೆ. ಕರೆಂಟು ಬಂದ್ಮ್ಯಾಕೆ
ಇದ್ಕೆ ಎಮ್ಮೆ ಕಟ್ಟಕಂದಿವಿ.”
ದಸ್ತಗೀರ ಮೊಣಕಾಲೂರಿ ಅದರ ಮೈ ಸವರಿದ.
ಈ ಜಾತಿಯ ಎಂಜಿನ್ನಿಗೆ ತನ್ನದೇ ನೀರಿನ ಪಂಪಿಲ್ಲ,
ಕಾದ ನೀರು ತಾನೇ ಮೇಲೇರಬೇಕು, ತಣ್ಣಗಾಗಿ ತಾನೇ ಇಳಿಯಬೇಕು.
ಅದು ಐದು ವರ್ಷ
ಇನ್ನೊಬ್ಬರ ಗದ್ದೆಗೆ ನೀರೆತ್ತಿದೆ.

ಮೇಡಂ ಸೆರಗು ಸಿಕ್ಕಿಸಿ, ಮನೆಯ ಬೀಗದಕೈಯಲ್ಲೇ
ಸಗಣಿ ಕೆರೆದು, ತುಕ್ಕು ಕೆರೆದು
ನಂಬರು ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು.
ಕೊನೆಯ ಮೂರು ಅಂಕಿ ಬೇರೆ.
ಯಾರದೋ.

“ಯಾರದಾದರೇನು ಮೇಡಂ, ಅದೇ ಅಚ್ಚು” ಅಂದ ದಸ್ತಗೀರ.
“ಬೇಕಾದ್ರೆ ತಕ್ಕೊಳಿ” ಅಂದಳು ನಿಂಗಾಜಮ್ಮ,
“ಬದ್ಲಿಗೆ ಒಂದು ಕೊಡಿ, ಎಮ್ಮೆ ಕಟ್ಬೇಕಲ್ಲ.”
ವ್ಯಾನಿನದು ಕೊಡುತ್ತೇವೆಂದು ಫೋನಲ್ಲಿ ಫೋಟೊ ತೋರಿಸಿದ.
ಅವಳು ದಿಟ್ಟಿಸಿ ನೋಡಿ,
“ಇದ್ನ ನಮ್ಮೆಮ್ಮೆ ಎಳ್ಕಂಡು ನಾಲೆಗೆ ಓಯ್ತದೆ” ಅಂದಳು.
ಎಲ್ಲರಿಗಿಂತ ಮೊದಲು ಮೇಡಂ ನಕ್ಕರು.

ಕೈಗೆ ಬಂದದ್ದು ನಾಲ್ಕು ಬೋಲ್ಟು,
ನೂರು ರೂಪಾಯಿ, ಜೊತೆಗೆ ಒಂದು ಅಚ್ಚು ಬೆಲ್ಲ.
ವಿಚಿತ್ರ ಬೋಲ್ಟು ಅವು: ತಲೆ ಇಂಗ್ಲಿಷರ ಅಳತೆ,
ಮರೆ ಫ್ರೆಂಚರದು, ಮಿಲಿಮೀಟರಿನ ಲೆಕ್ಕ.
ನೋಡೋಣ ಎಂದು ದಸ್ತಗೀರ
ವ್ಯಾನಿನ ಎಂಜಿನ್ನು ಕೂತ ಪಟ್ಟಿಗೆ ಒಂದನ್ನು ತಿರುಗಿಸಿದ.
ಒಂದು ಸುತ್ತು ಮುನಿಸಿಕೊಂಡಿತು.
ಆಮೇಲೆ ಸಲೀಸು.

ಗಾಡಿ ಈಗ ನಜರ್‌ಬಾದಿನಲ್ಲಿ ಓಡಾಡುತ್ತಿದೆ,
ಮೂರೇ ಸಿಲಿಂಡರು, ಭೂಮಿಗೆ ಋಣ.
ಮುಂದೆ ಯಾರಾದರೂ ಅದನ್ನು ಇಳಿಸಲು ಹೋದರೆ
ಹತ್ತು, ಹನ್ನೆರಡು, ಹದಿಮೂರು, ಯಾವುದೂ ಹಿಡಿಯುವುದಿಲ್ಲ,
ಬೆರಳಗಂಟು ಸುಲಿಯುತ್ತದೆ.
ದಸ್ತಗೀರನ ಅಪ್ಪನ ಕಾಲದ ಸ್ಪ್ಯಾನರು ಒಂದಿದೆ,
ಗೋಣಿಚೀಲದಲ್ಲಿ, ಮಂಡಿ ಮೊಹಲ್ಲಾದಲ್ಲಿ,
ಕೇಳಿದರೆ ಕೊಡುತ್ತಾನೆ.